ಕಾವೇರಿ ನೀರಿನ ಹಂಚಿಕೆ: ಕೊರತೆ ವರ್ಷದ ಲೆಕ್ಕ

ಹೊಸ ನೀರಿನ ಸಂಪರ್ಕಕ್ಕಾಗಿ ಅಥವಾ ಕಾಲುವೆ ನೀರಿಗಾಗಿ ಅರ್ಜಿ ಸಲ್ಲಿಸುವ ಕಾವೇರಿ ಕೊಳ್ಳದ ನಾಗರಿಕರು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೆಂದರೆ, ಜಲಾಶಯದಲ್ಲಿ ನೀರು ಕಾಣುತ್ತಿದ್ದರೂ ಅದು ತಮಗೆ ದೊರೆಯುವುದಿಲ್ಲವೇಕೆ ಎಂಬುದು. ಇದಕ್ಕೆ ಉತ್ತರವು ಜಲಾಶಯದ ಮಟ್ಟದಲ್ಲಿ ಮಾತ್ರವಲ್ಲದೆ ನದಿಯ ವಾರ್ಷಿಕ ಜಮಾಖರ್ಚಿನಲ್ಲಿಯೂ ಇರುತ್ತದೆ. ಸದರಿ ಲೆಕ್ಕವನ್ನು ಸಾರ್ವಜನಿಕರ ತಿಳಿವಳಿಕೆಗಾಗಿ ಇಲ್ಲಿ ವಿವರಿಸಲಾಗಿದೆ.

ಕಾವೇರಿ ಜಲವಿವಾದ ನ್ಯಾಯಾಧಿಕರಣವು 1990ರಲ್ಲಿ ರಚನೆಯಾಗಿ, 2007ರ ಫೆಬ್ರವರಿ 5ರಂದು ಅಂತಿಮ ಐತೀರ್ಪು ನೀಡಿತು. ಅದನ್ನು ಸರ್ವೋಚ್ಚ ನ್ಯಾಯಾಲಯವು 2018ರ ಫೆಬ್ರವರಿ 16ರಂದು ಮಾರ್ಪಡಿಸಿತು. ಇದರನ್ವಯ ಒಟ್ಟು 740 ಟಿ.ಎಂ.ಸಿ. ನೀರಿನಲ್ಲಿ ತಮಿಳುನಾಡಿಗೆ 404.25, ಕರ್ನಾಟಕಕ್ಕೆ 284.75, ಕೇರಳಕ್ಕೆ 30 ಹಾಗೂ ಪುದುಚೇರಿಗೆ 7 ಟಿ.ಎಂ.ಸಿ. ನಿಗದಿಯಾಗಿದೆ. ಪರಿಸರಕ್ಕಾಗಿ 10 ಹಾಗೂ ಅನಿವಾರ್ಯವಾಗಿ ಸಮುದ್ರ ಸೇರುವ ನೀರೆಂದು 4 ಟಿ.ಎಂ.ಸಿ. ತೆಗೆದಿರಿಸಲಾಗಿದೆ. ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಅಷ್ಟು ನೀರನ್ನು ಒಂದೇ ದಿನದಲ್ಲಿ ಹರಿಸಬೇಕಾದರೆ ದಿನವಿಡೀ ಸುಮಾರು 11,574 ಕ್ಯೂಸೆಕ್ಸ್ ಹರಿವು ಬೇಕಾಗುತ್ತದೆ.

ಮೇಲ್ಕಂಡ 740 ಎಂಬ ಅಂಕಿಯನ್ನು ವಿಶೇಷವಾಗಿ ಗಮನಿಸತಕ್ಕದ್ದು. ಇದು ಪ್ರತಿ ವರ್ಷ ಖಚಿತವಾಗಿ ದೊರೆಯುವ ನೀರಲ್ಲ. ಸರಾಸರಿ ಎರಡು ವರ್ಷಗಳಿಗೊಮ್ಮೆ ಮಾತ್ರ ನಿರೀಕ್ಷಿಸಬಹುದಾದ ಪ್ರಮಾಣ. ಉಳಿದ ವರ್ಷಗಳಲ್ಲಿ ಅದಕ್ಕಿಂತ ಕಡಿಮೆ ಬರುವುದೆಂದು ಲೆಕ್ಕದಲ್ಲಿಯೇ ಒಪ್ಪಿಕೊಂಡಂತಾಗಿದೆ. ಕೊರತೆಯ ವರ್ಷದಲ್ಲಿ ರಾಜ್ಯಗಳ ಪಾಲನ್ನು ಪ್ರಮಾಣಾನುಸಾರ ಕಡಿತಗೊಳಿಸಬೇಕೆಂದು ಐತೀರ್ಪು ಹೇಳುತ್ತದೆ. ಆದರೆ ಕೊರತೆಯನ್ನು ಯಾವ ದಿನಾಂಕದಂದು, ಯಾವ ಅಳತೆಯಿಂದ ನಿರ್ಧರಿಸಬೇಕು ಎಂಬ ಬಗ್ಗೆ ಎಲ್ಲ ರಾಜ್ಯಗಳೂ ಒಪ್ಪಿದ ಸಂಕಷ್ಟ ಸೂತ್ರ ರೂಪುಗೊಂಡಿಲ್ಲ. ವಿವಾದವು ಪ್ರತಿ ಬಾರಿಯೂ ಮರಳಿ ಬರುವುದು ಈ ಒಂದು ಖಾಲಿ ಕಲಮಿನಿಂದಲೇ.

ಸಾಮಾನ್ಯ ವರ್ಷದಲ್ಲಿ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ 177.25 ಟಿ.ಎಂ.ಸಿ. ನೀರು ಹರಿಯುವಂತೆ ಕರ್ನಾಟಕವು ನೋಡಿಕೊಳ್ಳಬೇಕು. ಇದರಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಪಾಲೇ 123.14 ಟಿ.ಎಂ.ಸಿ. ನೈರುತ್ಯ ಮುಂಗಾರು ಕೊಡಗು ಮತ್ತು ವಯನಾಡಿನಲ್ಲಿ ತಡವಾದರೆ, ಜಮಾ ಆಗುವ ಮೊದಲೇ ಖರ್ಚಿನ ಬಾಬು ಎದುರಾಗುತ್ತದೆ. ಕೆಳಭಾಗದಲ್ಲಿ ತಂಜಾವೂರು ಸೀಮೆಯ ರೈತರಿಗೂ ಕುರುವೈ ಬೆಳೆಗೆ ಇದೇ ತಿಂಗಳುಗಳಲ್ಲಿ ನೀರು ಬೇಕು. ಅವರಿಗೆ ಮಳೆ ತರುವ ಹಿಂಗಾರು ಆರಂಭವಾಗುವುದು ಅಕ್ಟೋಬರ್‌ನಲ್ಲಿ. ಉಭಯ ಕಡೆಯ ಬೇಡಿಕೆಯೂ ನ್ಯಾಯವಾದುದೇ ಆಗಿರುವುದರಿಂದ ಕೊರತೆಯ ಲೆಕ್ಕವು ಕಠಿಣವಾಗುತ್ತದೆ.

2023ರಲ್ಲಿ ಸಂಭವಿಸಿದ್ದು ಇದೇ. ಆ ವರ್ಷ ರಾಜ್ಯದ 236 ತಾಲ್ಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿತವಾದವು. ಸೆಪ್ಟೆಂಬರ್ ತಿಂಗಳಿಗೆ ಸಾಮಾನ್ಯ ವರ್ಷದ ಬಾಬು 36.76 ಟಿ.ಎಂ.ಸಿ. ಆದರೆ 2018ರ ಜೂನ್‌ನಲ್ಲಿ ರಚಿತವಾದ ಕಾವೇರಿ ನೀರು ನಿರ್ವಹಣಾ ಪ್ರಾಧಿಕಾರ ಮತ್ತು ನಿಯಂತ್ರಣ ಸಮಿತಿಯು ಆ ತಿಂಗಳ ಬಹುಪಾಲು ದಿನಗಳಿಗೆ ದಿನವೊಂದಕ್ಕೆ 5,000 ಕ್ಯೂಸೆಕ್ಸ್, ಸೆಪ್ಟೆಂಬರ್ 28ರಿಂದ 3,000 ಕ್ಯೂಸೆಕ್ಸ್ ಎಂದು ನಿಗದಿಪಡಿಸಿದವು. ಕೂಡಿಸಿ ನೋಡಿದರೆ ಇದು ಸುಮಾರು 12.5 ಟಿ.ಎಂ.ಸಿ. ಆಗುತ್ತದೆ, ಅಂದರೆ ಸಾಮಾನ್ಯ ಬಾಬಿನ ಮೂರನೇ ಒಂದು ಭಾಗ. ಒಂದು ರಾಜ್ಯಕ್ಕೆ ಇದು ತೀರ ಕಡಿಮೆಯೆಂದೂ, ಇನ್ನೊಂದಕ್ಕೆ ತೀರ ಹೆಚ್ಚೆಂದೂ ತೋರಿತು. ಸೆಪ್ಟೆಂಬರ್ 21ರಂದು ಸರ್ವೋಚ್ಚ ನ್ಯಾಯಾಲಯವು ಸದರಿ ಆದೇಶದಲ್ಲಿ ಹಸ್ತಕ್ಷೇಪ ಮಾಡಲು ನಿರಾಕರಿಸಿತು. ಸೆಪ್ಟೆಂಬರ್ 26ರಂದು ಬೆಂಗಳೂರು ಬಂದ್, 29ರಂದು ಕರ್ನಾಟಕ ಬಂದ್ ನಡೆದವು.

ಮರುವರ್ಷ ಚಿತ್ರವೇ ಬದಲಾಯಿತು. 2024ರ ಜುಲೈ ಮುಗಿಯುವುದರೊಳಗೆ ಕೃಷ್ಣರಾಜಸಾಗರವು ಗರಿಷ್ಠ ಮಟ್ಟವಾದ 124.80 ಅಡಿ ತಲುಪಿತು. 2025ರಲ್ಲಂತೂ ಜೂನ್ ಅಂತ್ಯಕ್ಕೇ ತುಂಬಿತು. ಈ ಮೂರು ವರ್ಷಗಳ ಸರಾಸರಿ ತೆಗೆದರೆ ಯಾರಿಗೂ ಕೊರತೆಯಿಲ್ಲವೆಂದು ತೋರಬಹುದು. ಆದರೆ ಒಣಗಿದ ಪೈರಿಗೆ ಮುಂದಿನ ವರ್ಷದ ಸರಾಸರಿಯಿಂದ ಪ್ರಯೋಜನವಿಲ್ಲ. ಹವಾಮಾನ ಬದಲಾವಣೆಯಿಂದ ಮಳೆಯು ಹೆಚ್ಚು ಅನಿಯಮಿತವಾಗುತ್ತಿರುವಾಗ, ತಿಂಗಳವಾರು ನಿಗದಿತ ಪಟ್ಟಿಯೊಂದರಿಂದಲೇ ನದಿಯನ್ನು ನಿರ್ವಹಿಸುವುದು ಸುಲಭವಲ್ಲ. ಮಳೆ ಬಿದ್ದಿರುವಾಗಲೇ, ಯಾರಿಗೂ ಅವಸರವಿಲ್ಲದ ವರ್ಷದಲ್ಲಿಯೇ, ಸಂಕಷ್ಟ ಸೂತ್ರವನ್ನು ಒಪ್ಪಿಕೊಳ್ಳುವುದು ಎಲ್ಲ ರಾಜ್ಯಗಳಿಗೂ ಹಿತಕರವೆನಿಸುತ್ತದೆ. ಕೊರತೆ ಕಾಣಿಸಿಕೊಂಡ ನಂತರ ಆ ಮಾತುಕತೆ ಸಾಧ್ಯವಾಗದೆಂಬುದನ್ನು 2023 ತೋರಿಸಿದೆ.

ಬೆಂಗಳೂರಿನ ಅರ್ಜಿದಾರರಿಗೆ ಈ ಲೆಕ್ಕವು ನೇರವಾಗಿ ಸಂಬಂಧಿಸಿದೆ. ನಗರದ ಮೂರನೇ ಒಂದು ಭಾಗ ಮಾತ್ರ ಕೊಳ್ಳದಲ್ಲಿದೆ, ಅಗತ್ಯದ ಅರ್ಧದಷ್ಟು ಅಂತರ್ಜಲದಿಂದ ದೊರೆಯುತ್ತದೆ ಎಂದು ನ್ಯಾಯಾಧಿಕರಣ ಭಾವಿಸಿತ್ತು. ಸರ್ವೋಚ್ಚ ನ್ಯಾಯಾಲಯವು ಇದನ್ನು ಒಪ್ಪದೆ 4.75 ಟಿ.ಎಂ.ಸಿ. ಹೆಚ್ಚುವರಿ ನೀಡಿತು. ಅಂತರ್ಜಲದ ಮೇಲಿನ ಭರವಸೆ ಎಷ್ಟು ದುರ್ಬಲವೆಂಬುದು 2024ರ ಬೇಸಿಗೆಯಲ್ಲಿ ಸ್ಪಷ್ಟವಾಯಿತು: ನಗರದ ಸುಮಾರು 14,000 ಕೊಳವೆ ಬಾವಿಗಳ ಪೈಕಿ 6,900ಕ್ಕೂ ಹೆಚ್ಚು ಬತ್ತಿದ್ದವು. ಅದೇ ವರ್ಷ ಅಕ್ಟೋಬರ್ 16ರಂದು ಉದ್ಘಾಟನೆಗೊಂಡ ಕಾವೇರಿ ಐದನೇ ಹಂತವು ದಿನವೊಂದಕ್ಕೆ 77.5 ಕೋಟಿ ಲೀಟರ್ ಒದಗಿಸಬಲ್ಲದು. ವರ್ಷಪೂರ್ತಿ ಎಣಿಸಿದರೆ ಇದು ಸುಮಾರು 10 ಟಿ.ಎಂ.ಸಿ. ನೀಡುವ ಪ್ರತಿ ಹೊಸ ಸಂಪರ್ಕವೂ ರಾಜ್ಯದ 284.75 ಟಿ.ಎಂ.ಸಿ. ಪಾಲಿನ ಖರ್ಚಿಗೇ ಬೀಳುತ್ತದೆ. ಸದರಿ ಪಾಲು 15 ವರ್ಷ ಬದಲಾಗದೆಂದು 2018ರ ತೀರ್ಪು ಹೇಳಿದೆ.

ಈ ಕಾರಣದಿಂದಲೇ ಬೆಂಗಳೂರಿನಲ್ಲಿ ನಿಗದಿತ ಅಳತೆ ಮೀರಿದ ನಿವೇಶನಗಳಿಗೆ ಮಳೆನೀರು ಕೊಯ್ಲು 2009ರ ತಿದ್ದುಪಡಿ ಕಾಯ್ದೆಯಿಂದ ಕಡ್ಡಾಯವಾಗಿದೆ. ಇದನ್ನು ಅರ್ಜಿಯ ಜೊತೆಗಿನ ಒಂದು ಔಪಚಾರಿಕ ಷರತ್ತೆಂದು ಹಲವರು ತಿಳಿಯುತ್ತಾರೆ. ವಸ್ತುತಃ ಛಾವಣಿಯ ಮೇಲೆ ಬೀಳುವ ನೀರು ಮಾತ್ರ ಯಾವ ರಾಜ್ಯದ ಲೆಕ್ಕಕ್ಕೂ ಕಾಯದೆ ಮನೆಯ ತೊಟ್ಟಿಗೆ ಬರುತ್ತದೆ. ಅಚ್ಚುಕಟ್ಟು ಪ್ರದೇಶದ ರೈತರಾದರೋ ನೀರಾವರಿ ಸಲಹಾ ಸಮಿತಿಯ ತೀರ್ಮಾನ ಪ್ರಕಟವಾದ ನಂತರವೇ ಭತ್ತದ ಸಸಿಮಡಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಕಟ್ಟು ಪದ್ಧತಿಯಲ್ಲಿ ನೀರು ಹರಿಸಲು ತೀರ್ಮಾನವಾದಲ್ಲಿ ಅರೆಖುಷ್ಕಿ ಬೆಳೆಗಳನ್ನು ಆಯ್ದುಕೊಳ್ಳಬಹುದಾಗಿದೆ.