ಕಂದಾಯ ಕಟ್ಟುವುದೇನೋ ಸುಲಭವಾಯಿತು

ಮಂಡ್ಯ, ಮದ್ದೂರು, ಮಳವಳ್ಳಿಯ ಹಳೆಯ ಮನೆಗಳಲ್ಲಿ ಅಟ್ಟದ ಮೇಲಿನ ಟ್ರಂಕು ಇಳಿಸಿದರೆ ಲಗ್ನಪತ್ರಿಕೆಗಳ ಜೊತೆಗೆ ಮನೆ ಕಂದಾಯದ ರಸೀತಿಗಳ ಕಂತೆಯೊಂದು ಸಿಗುತ್ತದೆ. ಕಾರ್ಬನ್ ಹಾಳೆ ಇಟ್ಟು ಒತ್ತಿ ಬರೆದ ಅಕ್ಷರ, ಮಾಸಿದ ನೇರಳೆ ಮೊಹರು, ಮೂಲೆಯಲ್ಲಿ ಬಿಲ್ ಕಲೆಕ್ಟರ್ ಗೀಚಿದ ಸಹಿ. ಕ್ರಯಪತ್ರವನ್ನು ಹೇಗಾದರೂ ನಕಲು ತೆಗೆಸಬಹುದು, ಕಂದಾಯದ ರಸೀತಿ ಜೋಪಾನ ಎನ್ನುತ್ತಿದ್ದರು ಹಿರಿಯರು. ಮಾರ್ಚ್ ಬಂತೆಂದರೆ ಬಿಲ್ ಕಲೆಕ್ಟರ್ ಬೀದಿಗಿಳಿಯುತ್ತಿದ್ದ. ಜಗಲಿಯ ಮೇಲೆ ಕೂತು ಮಜ್ಜಿಗೆ ಕುಡಿಯುತ್ತಿದ್ದ ಆತನಿಗೆ ಯಾರ ಮನೆ ಭಾಗವಾಯಿತು, ಯಾರು ಹಿತ್ತಲಲ್ಲಿ ಎರಡು ಕೋಣೆ ಎಬ್ಬಿಸಿ ಬಾಡಿಗೆಗೆ ಬಿಟ್ಟರು ಎಂಬುದೆಲ್ಲ ಬಾಯಿಪಾಠ. ಆ ತಿಳಿವಳಿಕೆಯಷ್ಟೇ ದೊಡ್ಡದು ಆತನ ದಾಕ್ಷಿಣ್ಯ. ಮನೆಗೆ ಎಷ್ಟು ಬಾಡಿಗೆ ಬಂದೀತು ಎಂಬ ಅಂದಾಜಿನ ಮೇಲೆ ತೆರಿಗೆ ನಿಗದಿಯಾಗುತ್ತಿದ್ದ ಕಾಲವದು. ಒಂದೇ ಬೀದಿಯ, ಒಂದೇ ಅಳತೆಯ ಎರಡು ಮನೆಗೆ ಎರಡು ಬಗೆಯ ತೆರಿಗೆ ಬೀಳುತ್ತಿತ್ತು. ಕಚೇರಿಯಲ್ಲಿ ಬೇಕಾದವರಿದ್ದರೆ ಹಗುರ, ಇಲ್ಲದಿದ್ದರೆ ಭಾರ. ಹಳೆಯ ಕಾಲ ಚೆನ್ನಾಗಿತ್ತು ಎಂದು ಮರುಗುವವರು ಇದನ್ನು ಮರೆಯಬಾರದು.

ಆ ಅಂದಾಜಿನ ಆಟಕ್ಕೆ ತೆರೆ ಬಿದ್ದದ್ದು 2002ರಲ್ಲಿ, ಸ್ವಯಂ ಘೋಷಿತ ಆಸ್ತಿ ತೆರಿಗೆ ಬಂದಾಗ. ನಿವೇಶನದ ಅಳತೆ, ಕಟ್ಟಡದ ಬಗೆ, ಅದರ ವಯಸ್ಸು ಹಾಕಿ ಮಾಲೀಕನೇ ಲೆಕ್ಕ ಮಾಡಿ ಚಲನ್ ತುಂಬಬೇಕು. ಏಪ್ರಿಲ್ ಒಳಗೆ ಕಟ್ಟಿದರೆ ಶೇ 5ರ ರಿಯಾಯಿತಿ, ತಡವಾದರೆ ತಿಂಗಳಿಗೆ ಶೇ 2ರ ದಂಡ. ಪ್ರಜೆಯ ಮಾತನ್ನು ನಂಬಿ ತೆರಿಗೆ ತೆಗೆದುಕೊಳ್ಳುವುದು ಆಗ ಹೊಸ ಸಂಗತಿ. ಅದೇ ಹೊತ್ತಿಗೆ ಹಳ್ಳಿಯ ಕಡೆ ಇನ್ನೂ ದೊಡ್ಡದೊಂದು ಬದಲಾವಣೆ ನಡೆಯುತ್ತಿತ್ತು. ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯ ಎಸ್.ಎಂ. ಕೃಷ್ಣ, ಮದ್ದೂರಿನಿಂದಲೇ ಗೆದ್ದು 1999ರಲ್ಲಿ ಮುಖ್ಯಮಂತ್ರಿಯಾಗಿದ್ದರು. ಅವರ ಆಡಳಿತದಲ್ಲಿ ‘ಭೂಮಿ’ ಯೋಜನೆ ರಾಜ್ಯದ ತಾಲ್ಲೂಕು ಕಚೇರಿಗಳಿಗೆಲ್ಲ ಹರಡಿ, ಸುಮಾರು ಎರಡು ಕೋಟಿ ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ಕಂಪ್ಯೂಟರಿಗೆ ಏರಿದವು. ಆಗ ಹದಿನೈದು ರೂಪಾಯಿ ಕೊಟ್ಟರೆ ಕಿಟಕಿಯಲ್ಲಿ ಪಹಣಿ. ಬೆಳೆ ಸಾಲಕ್ಕೆ ಪಹಣಿ ಬೇಕೆಂದು ಲೆಕ್ಕಿಗನ ಮನೆ ಬಾಗಿಲು ಕಾಯುತ್ತಿದ್ದ ಕಬ್ಬು ಬೆಳೆಗಾರನಿಗೆ ಅದು ಬಿಡುಗಡೆಯೇ ಸರಿ. ಪಟ್ಟಣದವರು ಅದನ್ನು ನೋಡಿ, ನಮ್ಮ ಖಾತೆಗೂ ಇಂಥ ಕಾಲ ಬಂದೀತು ಎಂದುಕೊಂಡರು.

ಬಂದದ್ದು ‘ನಿರ್ಮಲ ನಗರ’ ಯೋಜನೆ. ಆ ದಶಕದ ನಡುವೆ ಪೌರಾಡಳಿತ ನಿರ್ದೇಶನಾಲಯ ಆಸ್ತಿ ತೆರಿಗೆಗೆ ‘ಆಸ್ತಿ’, ನೀರಿನ ಬಿಲ್ಲಿಗೆ ‘ಜಲನಿಧಿ’ ಎಂದು ತಂತ್ರಾಂಶಗಳನ್ನು ಪಟ್ಟಣಗಳಿಗೆ ಹಂತ ಹಂತವಾಗಿ ತಂದಿತು. ಹೆಸರುಗಳು ಚೆಂದವಿದ್ದವು. ಮನೆ ಮನೆ ಅಳೆದು, ಬಾಗಿಲಿಗೆ ಸಂಖ್ಯೆ ಬರೆದು ಹೋದವರನ್ನು ಓದುಗರು ಮರೆತಿರಲಾರರು. ಆದರೆ ದಪ್ಪ ರಿಜಿಸ್ಟರ್‌ನಲ್ಲಿದ್ದ ತಪ್ಪು ಹಾಗೆಯೇ ಪರದೆಗೆ ಏರಿತು. ತೀರಿಕೊಂಡ ಅಜ್ಜನ ಹೆಸರಿನಲ್ಲೇ ಉಳಿದ ಖಾತೆ, ಬಾಯಿ ಮಾತಿನಲ್ಲಿ ಮುಗಿದ ಅಣ್ಣತಮ್ಮಂದಿರ ಪಾಲು, ಹೊಲವನ್ನೇ ತುಂಡು ಮಾಡಿ ಮಾರಿದ ರೆವಿನ್ಯೂ ನಿವೇಶನ, ಇವನ್ನು ಯಾರೂ ಕುಳಿತು ಸರಿಪಡಿಸಲಿಲ್ಲ. ಇಂದಿನ ತೊಂದರೆಗಳ ಬೇರು ಅಲ್ಲಿದೆ ಎಂಬುದು ನಮ್ಮ ಎಣಿಕೆ.

2012ರ ಏಪ್ರಿಲ್ 2ರಂದು, ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ‘ಸಕಾಲ’ ಯೋಜನೆ ಬಂತು. ಡಿ.ವಿ. ಸದಾನಂದಗೌಡರ ಸರ್ಕಾರ ‘ಇಂದು ನಾಳೆ ಇನ್ನಿಲ್ಲ, ಹೇಳಿದ ದಿನ ತಪ್ಪೊಲ್ಲ’ ಎಂದು ಕಚೇರಿ ಕಚೇರಿಯ ಗೋಡೆಗೆ ಫಲಕ ಹಾಕಿಸಿತು. ದೆವ್ವ ಬಾರದಿರಲೆಂದು ಬಾಗಿಲ ಮೇಲೆ ಬರೆಯುತ್ತಿದ್ದ ‘ನಾಳೆ ಬಾ’ ಎಂಬುದನ್ನು ಮನುಷ್ಯರಿಗೂ ಹೇಳಿ ಅಭ್ಯಾಸವಾಗಿದ್ದ ಕಚೇರಿಗಳಿಗೆ ಇದೊಂದು ಪೆಟ್ಟು. ಅರ್ಜಿ ಕೊಟ್ಟ ಕೂಡಲೇ ಹದಿನೈದು ಅಂಕಿಯ ಸಂಖ್ಯೆ. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರ, ಅದೂ ತಡ ಮಾಡಿದವರ ಸಂಬಳದಿಂದ. ಜನನ ಮರಣ ಪತ್ರ, ಖಾತೆ, ಉದ್ದಿಮೆ ಪರವಾನಗಿ ಎಲ್ಲಕ್ಕೂ ದಿನ ಗೊತ್ತಾಯಿತು. ಮೊದಲ ಕೆಲವು ವರ್ಷ ನೌಕರರಲ್ಲಿ ನಿಜವಾದ ಅಂಜಿಕೆ ಇತ್ತು. ಬರುಬರುತ್ತಾ ಗಡುವಿನ ಹಿಂದಿನ ದಿನ ‘ದಾಖಲೆ ಅಪೂರ್ಣ’ ಎಂದು ಅರ್ಜಿ ತಿರಸ್ಕರಿಸಿ ಲೆಕ್ಕ ಮುಗಿಸುವ ಜಾಣ್ಮೆ ಬೆಳೆಯಿತು. ಫಲಕ ಉಳಿಯಿತು, ಬಣ್ಣ ಹೋಯಿತು.

ಹಣ ಕಟ್ಟುವ ಮಾತಿಗೆ ಬಂದರೆ ಗಳಿಕೆ ದೊಡ್ಡದು, ಅದನ್ನು ಮನಬಿಚ್ಚಿ ಒಪ್ಪಬೇಕು. 2016ರಲ್ಲಿ ಬಂದ ಯುಪಿಐ ಕೆಲವೇ ವರ್ಷಗಳಲ್ಲಿ ಪೇಟೆ ಬೀದಿಯ ಸೊಪ್ಪಿನವರ ಕೈಗೂ ತಲುಪಿತು. ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಮಗ ಮಳವಳ್ಳಿಯ ತಾಯಿಯ ಮನೆ ಕಂದಾಯವನ್ನು ಫೋನಿನಲ್ಲೇ ಕಟ್ಟುತ್ತಾನೆ. ಚಿಲ್ಲರೆ ಇಲ್ಲವೆಂಬ ಜಗಳವಿಲ್ಲ, ಬ್ಯಾಂಕಿನಲ್ಲಿ ಚಲನ್ ಹಿಡಿದು ನಿಲ್ಲುವ ಸಾಲಿಲ್ಲ, ಕಟ್ಟಿದ ಹಣ ಪುಸ್ತಕಕ್ಕೆ ಏರಿತೋ ಇಲ್ಲವೋ ಎಂಬ ಅಳುಕೂ ಇಲ್ಲ.

ಆದರೆ ಪುರಸಭೆ ತೆಗೆದುಕೊಳ್ಳುವುದಕ್ಕೆ ತೋರಿದ ಚುರುಕು ಕೊಡುವುದಕ್ಕೆ ತೋರಿಲ್ಲ. ಇ-ಖಾತೆಯನ್ನೇ ನೋಡಿ. 2024ರ ಅಕ್ಟೋಬರ್‌ನಿಂದ ಇ-ಖಾತೆ ಇಲ್ಲದೆ ಪಟ್ಟಣದ ಆಸ್ತಿ ನೋಂದಣಿಯಾಗದು. ಉದ್ದೇಶ ಒಳ್ಳೆಯದೇ, ಒಂದೇ ನಿವೇಶನವನ್ನು ಇಬ್ಬರಿಗೆ ಮಾರುವ ವಂಚನೆಗೆ ಅದರಿಂದ ಕಡಿವಾಣ ಬೀಳುತ್ತದೆ. ಆದರೆ ಮಗಳ ಮದುವೆಗೆಂದು ಅರ್ಧ ನಿವೇಶನ ಮಾರಲು ಹೊರಟ ಮನುಷ್ಯ ಏನೇನು ಹೊಂದಿಸಬೇಕು? ಕ್ರಯಪತ್ರ, ಋಣಭಾರ ಪತ್ರ, ಕಂದಾಯ ರಸೀತಿ, ಕರೆಂಟ್ ಬಿಲ್, ಆಧಾರ್, ಮನೆಯ ಮುಂದೆ ನಿಂತ ಫೋಟೊ. ಕ್ರಯಪತ್ರದಲ್ಲಿ ‘ಸಿದ್ದೇಗೌಡ ಬಿನ್ ಕಾಳೇಗೌಡ’, ಆಧಾರ್‌ನಲ್ಲಿ ‘ಸಿದ್ಧೇಗೌಡ ಕೆ’. ಒಂದು ಒತ್ತಕ್ಷರಕ್ಕೆ ಅಫಿಡವಿಟ್ಟು, ಅಫಿಡವಿಟ್ಟಿಗೆ ನೋಟರಿ. ಇಷ್ಟನ್ನೂ ಸೈಬರ್ ಸೆಂಟರ್‌ನ ಹುಡುಗ ಸ್ಕ್ಯಾನ್ ಮಾಡಿ ಹಾಕಿದ ಮೇಲೆ ಅರ್ಜಿ ಒಬ್ಬರ ಲಾಗಿನ್‌ನಿಂದ ಇನ್ನೊಬ್ಬರ ಲಾಗಿನ್‌ಗೆ ಹೋಗಬೇಕು. ಹಿಂದೆ ಕಡತ ಯಾರ ಮೇಜಿನ ಮೇಲಿದೆ ಎಂದು ಕಣ್ಣಾರೆ ಕಾಣುತ್ತಿತ್ತು, ಎದುರು ನಿಂತು ಕೇಳಬಹುದಿತ್ತು. ಈಗ ‘ಸರ್ವರ್ ಇಲ್ಲ’, ‘ಸಾಹೇಬರ ಲಾಗಿನ್‌ನಲ್ಲಿದೆ’ ಎಂಬ ಉತ್ತರ, ಸಾಹೇಬರು ಮೀಟಿಂಗಿನಲ್ಲಿ. ಕಚೇರಿಯ ಒಳಗಿದ್ದ ಮಧ್ಯವರ್ತಿ ಹೊರಗಿನ ಅಂಗಡಿಗೆ ಬಂದಿದ್ದಾನೆ, ಅಷ್ಟೇ. ಅವನ ದರಪಟ್ಟಿ ಮಾತ್ರ ಯಾವ ಜಾಲತಾಣದಲ್ಲೂ ಇಲ್ಲ.

2025ರ ಫೆಬ್ರುವರಿಯಲ್ಲಿ ಆರಂಭವಾದ ಬಿ ಖಾತಾ ಅಭಿಯಾನ, ಅನುಮೋದನೆ ಇಲ್ಲದ ಬಡಾವಣೆಗಳ ಮನೆಗಳನ್ನು ಮೊದಲ ಸಲ ದುಪ್ಪಟ್ಟು ತೆರಿಗೆ ಪಡೆದು ದಾಖಲೆಗೆ ತರುವ ಯತ್ನ. ಎರಡು ದಶಕದ ಹಿಂದೆ, ಅಳತೆಯವರು ಮನೆ ಬಾಗಿಲಿಗೆ ಬಂದಿದ್ದಾಗಲೇ ಆಗಬೇಕಿದ್ದ ಕೆಲಸ. ಅಷ್ಟರಲ್ಲಿ ಮೂರೂ ಊರುಗಳ ಅಂಚಿನ ಗದ್ದೆಗಳು ನಿವೇಶನಗಳಾಗಿ ಹೋದವು. ಮದ್ದೂರು ಪುರಸಭೆ ಈಚೆಗೆ ನಗರಸಭೆಯ ದರ್ಜೆಗೇರಿತು. ಸುತ್ತಲ ಹಳ್ಳಿಗಳನ್ನು ಅದಕ್ಕೆ ಸೇರಿಸುವುದನ್ನು ಗೆಜ್ಜಲಗೆರೆಯವರು ಬೀದಿಗಿಳಿದು ವಿರೋಧಿಸಿದರು. ಹಳ್ಳಿಯವರ ಅಂಜಿಕೆ ತೆರಿಗೆಯ ಹೊರೆಯದ್ದೂ ಹೌದು. ಪಂಚಾಯಿತಿಯ ದಾಖಲೆ ನಗರಸಭೆಗೆ ದಾಟುವಾಗ ಮತ್ತೊಮ್ಮೆ ಅದೇ ಹೆಸರು, ಅದೇ ಅಳತೆ, ಅದೇ ಅಲೆದಾಟ ಎಂದು ಅವರು ಶಂಕಿಸಿದರೆ ತಪ್ಪೆನ್ನಲಾಗದು.

ಮಂಡ್ಯದ ಪೌರಾಯುಕ್ತರೂ ಮದ್ದೂರು, ಮಳವಳ್ಳಿಯ ಅಧಿಕಾರಿಗಳೂ ಮಾಡಬಹುದಾದ ಕೆಲಸಕ್ಕೆ ಹೊಸ ತಂತ್ರಾಂಶ ಬೇಕಿಲ್ಲ. ಯಾವ ಅರ್ಜಿ ಯಾರ ಲಾಗಿನ್‌ನಲ್ಲಿ ಎಷ್ಟು ದಿನದಿಂದ ಕೂತಿದೆ ಎಂಬುದನ್ನು ವಾರಕ್ಕೊಮ್ಮೆ ಕಚೇರಿಯ ಹೊರಗೆ ಅಂಟಿಸಲಿ. ಓದು ಬಾರದವರಿಗೆ, ಫೋನಿಲ್ಲದವರಿಗೆ ಒಂದು ಕಿಟಕಿ ತೆರೆದಿಡಲಿ. ಓದುಗರಲ್ಲೂ ಒಂದು ಅರಿಕೆ: ಅರ್ಜಿ ಕೊಟ್ಟಾಗ ಸಕಾಲ ಸಂಖ್ಯೆ ಕೇಳಿ ಪಡೆಯಿರಿ, ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ, ಗಡುವು ಮೀರಿದರೆ ಮೇಲ್ಮನವಿ ಹಾಕಿ. ಸಕಾಲದ ಕಾಯ್ದೆ ಇನ್ನೂ ಜಾರಿಯಲ್ಲಿದೆ.