ವಾಲಿಬಾಲ್ ಹೊಟ್ಟೆಪಾಡಿನ ಕಸುಬಾಗಬಲ್ಲುದೇ?

2025ನೆಯ ಇಸವಿಯ ಅಕ್ಟೋಬರ್ 26ರಂದು ಹೈದರಾಬಾದಿನಲ್ಲಿ ನಡೆದ ಪ್ರೈಮ್ ವಾಲಿಬಾಲ್ ಲೀಗಿನ ಅಂತಿಮ ಪಂದ್ಯವು ನಮ್ಮ ಸೀಮೆಯ ಕನ್ನಡಿಗರಿಗೆ ಒಂದು ಸವಿಯಾದ ಇಕ್ಕಟ್ಟನ್ನು ತಂದೊಡ್ಡಿತು. ಬಲೆಯ ಆಚೆ ಮುಂಬಯಿ ಮೀಟಿಯರ್ಸ್, ಈಚೆ ಬೆಂಗಳೂರು ಟಾರ್ಪಿಡೋಸ್. ಹುಟ್ಟಿದ ನಾಡಿಗೆ ಚಪ್ಪಾಳೆಯೋ, ಅನ್ನವಿಕ್ಕಿದ ಊರಿಗೋ? ಬೆಂಗಳೂರು 3-0ರಿಂದ ಗೆದ್ದು ಪ್ರಶಸ್ತಿಯನ್ನು ಮೊದಲ ಬಾರಿಗೆ ತನ್ನದಾಗಿಸಿಕೊಂಡಿತು. ಆದರೆ ಗೆದ್ದ ತಂಡದ ನಾಯಕ ಮ್ಯಾಟ್ ವೆಸ್ಟ್ ಮತ್ತು ತರಬೇತುದಾರ ಡೇವಿಡ್ ಲೀ ಇಬ್ಬರೂ ಅಮೇರಿಕದವರು. ಅವರೂ ನಮ್ಮಂತೆಯೇ ಕೆಲಸವನ್ನರಸಿ ಊರು ಬಿಟ್ಟು ಬಂದವರೆಂಬುದನ್ನು ಮರೆಯಲಾಗದು.

ಡೊಂಬಿವಲಿಯಲ್ಲೋ ಕಲ್ಯಾಣದಲ್ಲೋ ಇರುವ ನಮ್ಮವರ ಮನೆಯಲ್ಲಿ ಎತ್ತರವಾಗಿ ಬೆಳೆದ ಹುಡುಗನೊಬ್ಬನು, "ನಾನು ವಾಲಿಬಾಲನ್ನೇ ಕಸುಬಾಗಿ ಹಿಡಿಯುವೆನು" ಎಂದರೆ ತಂದೆಯಾದವನು ಏನು ಉತ್ತರ ಕೊಡಬೇಕು? ಬೈದು ಬಾಯಿ ಮುಚ್ಚಿಸುವುದು ಸುಲಭ, ತೂಗಿ ನೋಡುವುದು ಮೇಲು.

ಮೊದಲು ಸರ್ಬಿಯವನ್ನು ನೋಡೋಣ. 2022ರ ಜನಗಣತಿಯಂತೆ ಆ ದೇಶದ ಜನಸಂಖ್ಯೆ ಸುಮಾರು 66 ಲಕ್ಷ. ಕಲ್ಯಾಣ, ಡೊಂಬಿವಲಿ, ನವಿ ಮುಂಬಯಿಗಳನ್ನೊಳಗೊಂಡ ಅವಿಭಜಿತ ಠಾಣೆ ಜಿಲ್ಲೆಯಲ್ಲೇ 2011ರಲ್ಲಿ 1 ಕೋಟಿ 10 ಲಕ್ಷ ಜನರಿದ್ದರು. ಅಷ್ಟು ಸಣ್ಣ ನಾಡಿನ ಮಹಿಳಾ ತಂಡವು 2018ರಲ್ಲಿಯೂ 2022ರಲ್ಲಿಯೂ ವಿಶ್ವವಿಜೇತವಾಯಿತು. ಎರಡು ಬಾರಿಯೂ ಸರ್ವಶ್ರೇಷ್ಠ ಆಟಗಾರ್ತಿಯೆನಿಸಿದವಳು ಟಿಯಾನಾ ಬೊಷ್ಕೋವಿಚ್ ಎಂಬ ಎಡಗೈ ಹೊಡೆತಗಾರ್ತಿ. ಈಕೆ 1997ರಲ್ಲಿ ನೆರೆಯ ಬೋಸ್ನಿಯ-ಹರ್ಜೆಗೋವಿನದಲ್ಲಿ ಹುಟ್ಟಿದವಳು. ಎಳೆಯ ವಯಸ್ಸಿನಲ್ಲೇ ಬೆಲ್‌ಗ್ರೇಡಿನ ಕ್ಲಬ್ಬನ್ನು ಸೇರಿ, 18ರ ಪ್ರಾಯದಲ್ಲಿ, ಅಂದರೆ 2015ರಲ್ಲಿ, ತುರ್ಕಿಯ ಇಸ್ತಾಂಬುಲ್ ನಗರಕ್ಕೆ ದುಡಿಯಲು ಹೋದಳು. ಎಜಾಜಿಬಾಷಿ ಎಂಬ ಒಂದೇ ಕ್ಲಬ್ಬಿನಲ್ಲಿ ಹತ್ತು ವರ್ಷ ಆಡಿ, 2025ರಲ್ಲಿ ಅದೇ ನಗರದ ವಕಿಫ್‌ಬ್ಯಾಂಕ್ ತಂಡಕ್ಕೆ ಬದಲಾಯಿಸಿದಳು. ಈ ನಡುವೆ ತನ್ನ ದೇಶಕ್ಕೆ 2016ರ ಒಲಿಂಪಿಕ್ಸಿನಲ್ಲಿ ಬೆಳ್ಳಿಯನ್ನೂ, 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ಕಂಚನ್ನೂ ಗಳಿಸಿಕೊಟ್ಟಳು. ಊಟ ಪರಸ್ಥಳದ್ದು, ಕೀರ್ತಿ ಸ್ವಂತ ನಾಡಿನದು. ಈ ಬಾಳಿನ ರೀತಿ ನಮ್ಮ ಓದುಗರಿಗೆ ಅಪರಿಚಿತವಲ್ಲ.

ನಮ್ಮ ಮಗ್ಗುಲಿನಲ್ಲಿಯೇ ಇಂಥವನೊಬ್ಬನಿದ್ದನು. ಕಾಸರಗೋಡಿಗೆ ತಾಗಿರುವ ಕಣ್ಣೂರು ಜಿಲ್ಲೆಯ ಪೇರಾವೂರಿನ ಜಿಮ್ಮಿ ಜಾರ್ಜ್ ಕೇರಳ ಪೋಲೀಸಿನಲ್ಲಿದ್ದವನು. 1979ರಲ್ಲಿ ಅಬುಧಾಬಿಗೂ, 1982ರಲ್ಲಿ ಇಟಲಿಗೂ ಹೋಗಿ ವೃತ್ತಿ ಆಟಗಾರನಾದನು. 1986ರ ಸೋಲ್ ಏಷ್ಯನ್ ಕ್ರೀಡೆಗಳಲ್ಲಿ ಭಾರತವು ಕಂಚಿನ ಪದಕ ಗೆದ್ದಾಗ ಅವನು ತಂಡದಲ್ಲಿದ್ದನು. 1987ರ ನವೆಂಬರ್ 30ರಂದು ಇಟಲಿಯಲ್ಲಿ ಮೋಟಾರು ಅಪಘಾತಕ್ಕೆ ತುತ್ತಾದಾಗ ಅವನ ವಯಸ್ಸು ಕೇವಲ 32. ಆ ಬಳಿಕ ಪುರುಷರ ತಂಡಕ್ಕೆ ಏಷ್ಯನ್ ಕ್ರೀಡೆಗಳ ಪದಕ ದೊರೆತಿಲ್ಲ.

ಇನ್ನು ನಮ್ಮವರ ಮಾತು. ಕರ್ನಾಟಕದ ಅಶ್ವಲ್ ರೈ 2022ರ ಪ್ರಥಮ ಪ್ರೈಮ್ ಲೀಗಿನಲ್ಲಿ ಕಲ್ಕತ್ತೆಯ ತಂಡದ ನಾಯಕನಾಗಿ ಪ್ರಶಸ್ತಿ ಗೆದ್ದನು. ರೈ ಎಂಬ ಹೆಸರು ಯಾವ ಮಣ್ಣಿನದೆಂದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. 2023ರ ಸೆಪ್ಟೆಂಬರಿನಲ್ಲಿ ಚೀನದ ಹಾಂಗ್‌ಝೌ ನಗರದಲ್ಲಿ ಬಲಾಢ್ಯ ದಕ್ಷಿಣ ಕೊರಿಯವನ್ನು 3-2ರಿಂದ ಕೆಡವಿ ಆರನೆಯ ಸ್ಥಾನ ಪಡೆದ ಭಾರತ ತಂಡದಲ್ಲಿಯೂ ಅವನಿದ್ದನು. ಕೊಯ್ಲು ಮುಗಿದ ಗದ್ದೆಯಲ್ಲಿ ಹೊನಲು ಬೆಳಕಿನ ಪಂದ್ಯಾಟ ನೋಡಿ ಬೆಳೆದ ನಮಗೆ ಇದು ಹೆಮ್ಮೆಯ ಸಂಗತಿಯೇ ಸರಿ. ಹಾಗಾದರೆ ಸರ್ಬಿಯದ ಹುಡುಗಿಗೆ ಸಾಧ್ಯವಾದುದು ನಮ್ಮ ಹುಡುಗನಿಗೇಕೆ ದುರ್ಲಭ?

ಉತ್ತರವು ತೋಳಿನ ಬಲದಲ್ಲಿಲ್ಲ, ಪಂಚಾಂಗದಲ್ಲಿದೆ. ತುರ್ಕಿಯ ಲೀಗು ಶರತ್ಕಾಲದಲ್ಲಿ ಮೊದಲಾಗಿ ವಸಂತದವರೆಗೆ ನಡೆಯುತ್ತದೆ. ಕ್ಲಬ್ಬಿನ ಬೆನ್ನಿಗೆ ಬ್ಯಾಂಕೋ ಕಾರಖಾನೆಯೋ ನಿಂತಿರುತ್ತದೆ. ನಮ್ಮ ಪ್ರೈಮ್ ಲೀಗು 2025ರಲ್ಲಿ ಅಕ್ಟೋಬರ್ 2ಕ್ಕೆ ಆರಂಭವಾಗಿ 26ಕ್ಕೆ ಮುಗಿಯಿತು. ಹತ್ತು ತಂಡಗಳು, ಇಪ್ಪತ್ತೈದು ದಿನಗಳು. ವರ್ಷಕ್ಕೆ ಇಪ್ಪತ್ತೈದು ದಿನ ಮಾತ್ರ ಬಾಗಿಲು ತೆರೆಯುವ ಹೊಟೇಲಿನಲ್ಲಿ ಎಂಥ ಭಟ್ಟರೂ ಸಂಸಾರ ಹೂಡಲಾರರು. ಗಲ್ಲಾದ ಹಿಂದೆ ವರ್ಷಗಟ್ಟಲೆ ಕುಳಿತವನಾಗಿ ಈ ಲೆಕ್ಕವನ್ನು ನಾನು ಧೈರ್ಯದಿಂದ ಹೇಳಬಲ್ಲೆ. ಸಾಲದುದಕ್ಕೆ, ಇದಕ್ಕೂ ಮೊದಲು 2019ರಲ್ಲಿ ಹುಟ್ಟಿದ ಲೀಗು ಫೆಡರೇಶನ್ನಿಗೂ ವ್ಯವಸ್ಥಾಪಕರಿಗೂ ಮನಸ್ತಾಪವಾಗಿ ಒಂದೇ ವರ್ಷಕ್ಕೆ ಮುಚ್ಚಿತು. ಆಡಳಿತದ ಒಳಜಗಳದ ಕಾರಣ ಭಾರತದ ಫೆಡರೇಶನ್ನನ್ನು ಅಂತರರಾಷ್ಟ್ರೀಯ ಸಂಸ್ಥೆಯು 2016ರಲ್ಲಿ ಅಮಾನತಿನಲ್ಲಿಟ್ಟದ್ದೂ ಉಂಟು. ಧಣಿಗಳು ಜಗಳವಾಡಿದರೆ ಉಪವಾಸ ಬೀಳುವವರು ಆಳುಗಳೇ.

ಆದುದರಿಂದ ನಮ್ಮ ದೇಶದಲ್ಲಿ ವಾಲಿಬಾಲ್ ಆಟಗಾರನ ನಿಜವಾದ ಅನ್ನದಾತ ಲೀಗಲ್ಲ. ರೈಲ್ವೆ, ಸೇನೆ, ಪೋಲೀಸು ಮೊದಲಾದ ಇಲಾಖೆಗಳ ಕ್ರೀಡಾ ನೌಕರಿ. ಅದು ಕೀಳಾದ ಮಾರ್ಗವಲ್ಲ. ಮೂವತ್ತು ದಾಟಿದ ಮೇಲೆ, ಮೊಣಕಾಲು ಸೋತ ಮೇಲೆ, ಸಂಬಳವೂ ನಿವೃತ್ತಿಯ ಹಣವೂ ಕೈಹಿಡಿಯುತ್ತವೆ. ಆದರೆ ಇಂಥ ನೌಕರಿಗೆ ಆಟದಷ್ಟೇ ವಿದ್ಯಾರ್ಹತೆಯೂ ಬೇಕು. ಹಗಲು ಮಾಣಿಯಾಗಿ ದುಡಿದು ರಾತ್ರಿ ಶಾಲೆಯಲ್ಲಿ ಓದಿದ ಹಿರಿಯರ ಮಕ್ಕಳಿಗೆ ಎರಡು ದೋಣಿಗಳನ್ನು ಒಟ್ಟಿಗೆ ನಡೆಸುವ ವಿದ್ಯೆ ಹೊಸದೇನೂ ಅಲ್ಲ.

ಇಲ್ಲಿ ನಮ್ಮ ಕನ್ನಡ ಸಂಘಗಳಿಗೂ ಒಂದು ಕರ್ತವ್ಯವುಂಟು. ವಾರ್ಷಿಕೋತ್ಸವದ ಶಾಲು-ಹಾರಗಳ ವೆಚ್ಚದಲ್ಲಿ ಸ್ವಲ್ಪ ಉಳಿಸಿದರೂ ಒಂದು ಬಲೆ, ನಾಲ್ಕು ಚೆಂಡು, ವಾರಕ್ಕೆರಡು ದಿನ ಕಲಿಸುವ ಒಬ್ಬ ಶಿಕ್ಷಕ, ಇಷ್ಟು ಸಿದ್ಧವಾದೀತು. ಬೊಷ್ಕೋವಿಚ್ ಇಸ್ತಾಂಬುಲಿಗೆ ಹೋಗುವ ಮುನ್ನ ಅವಳನ್ನು ತಿದ್ದಿದ್ದು ಇಂಥ ಎಳೆಯರ ಅಂಗಳವೇ.

ಹುಡುಗನಿಗೆ ತಂದೆ ಹೇಳಬೇಕಾದ ಉತ್ತರ ಈಗ ಸ್ಪಷ್ಟವಾಗಿದೆ: "ಆಡು ಮಗನೇ, ಮನಸಾರೆ ಆಡು, ಆದರೆ ಪುಸ್ತಕವನ್ನು ಮಡಚಿಡಬೇಡ." ಲೀಗು ಇಪ್ಪತ್ತೈದು ದಿನದ ಬದಲು ಆರು ತಿಂಗಳು ನಡೆಯುವ ಕಾಲ ಬಂದರೆ, ಆಗ ಈ ಸಲಹೆಯನ್ನು ಬದಲಾಯಿಸಲು ನಾವು ಸಂತೋಷದಿಂದ ಸಿದ್ಧರಿದ್ದೇವೆ.