ಆಂಡರ್ಸನ್‌ಪೇಟೆಯ ಯುವ ನಾಯಕ ಎಲ್ಲಿದ್ದಾನೆ?

ಚುನಾವಣೆ ಸಮೀಪಿಸಿತೆಂದರೆ ಆಂಡರ್ಸನ್‌ಪೇಟೆಯಿಂದ ಬಂಗಾರಪೇಟೆಯವರೆಗೆ ಕಂಬಕಂಬಗಳಲ್ಲೂ ‘ಯುವ ನಾಯಕ’ರ ಫ್ಲೆಕ್ಸ್‌ಗಳು ನೇತಾಡುತ್ತವೆ. ಈ ಯುವಕ ಯಾವ ಬೀದಿಯ ನೀರಿಗಾಗಿ ನಗರಸಭೆಯ ಮೆಟ್ಟಿಲು ಹತ್ತಿದ, ಯಾವ ವಿಧವೆಯ ಪಿಂಚಣಿಗಾಗಿ ಓಡಾಡಿದ ಎಂದು ನಾವು ಕೇಳುವುದಿಲ್ಲ. ಯಾರ ಮಗ, ಯಾರ ಅಳಿಯ ಎಂದಷ್ಟೇ ಕೇಳುತ್ತೇವೆ. ನಾಯಕತ್ವವನ್ನು ಸೇವೆಯಿಂದ ಅಳೆಯದೆ ವಂಶಾವಳಿಯಿಂದ ಅಳೆಯುವ ಈ ರೂಢಿ ಅನ್ಯಾಯವಾದುದು. ಅದರಲ್ಲಿ ನಮ್ಮ ಕ್ರೈಸ್ತ ಕುಟುಂಬಗಳ ಪಾಲೂ ಇದೆ.

ಚಿನ್ನದ ಗಣಿಯ ಈ ನೆಲ ಹಿಂದೆ ಹೀಗಿರಲಿಲ್ಲ. 1930ರಲ್ಲಿ ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕೆಂಬ ಆಜ್ಞೆಯನ್ನು ಧಿಕ್ಕರಿಸಿ ಕಾರ್ಮಿಕರು 21 ದಿನ ಮುಷ್ಕರ ಹೂಡಿದರು. 1946ರ ನವೆಂಬರ್ 4ರಂದು ಪೊಲೀಸರ ಗುಂಡಿಗೆ ಆರು ಮಂದಿ ಬಲಿಯಾದರು. ಕೆ.ಎಸ್. ವಾಸನ್ ಅವರಂಥ ನಾಯಕರನ್ನು ಬೆಳೆಸಿದ್ದು ಕಾರ್ಮಿಕ ಸಂಘ, ಸಿ.ಎಂ. ಆರ್ಮುಗಂ ಅವರನ್ನು ವಿಧಾನಸಭೆಗೆ ಕಳುಹಿಸಿದ್ದು ಅಂಬೇಡ್ಕರ್ ಚಳವಳಿ. ಕಮ್ಯುನಿಸ್ಟರ ನಿರೀಶ್ವರವಾದವನ್ನು ಧರ್ಮಸಭೆ ಎಂದೂ ಒಪ್ಪಿಲ್ಲ. ಆದರೂ ಬಡವನ ಜೊತೆ ನಿಂತವನೇ ಬಡವನ ಪ್ರತಿನಿಧಿಯಾಗುತ್ತಿದ್ದ ಆ ಕ್ರಮವನ್ನು ಅಲ್ಲಗಳೆಯಲಾಗದು.

2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಸಂಬಳದೊಂದಿಗೆ ನಾಯಕರನ್ನು ರೂಪಿಸುತ್ತಿದ್ದ ಪಾಠಶಾಲೆಯೂ ಮುಚ್ಚಿದಂತಾಯಿತು. ಮುಂದಿನ ಕಥೆ ಎಲ್ಲರಿಗೂ ತಿಳಿದದ್ದೇ. 2008ರಲ್ಲಿ ವೈ. ಸಂಪಂಗಿ ಗೆದ್ದರು; 2013ರಲ್ಲಿ ಅವರ ತಾಯಿ ರಾಮಕ್ಕ ಗೆದ್ದರು. 2018 ಮತ್ತು 2023ರಲ್ಲಿ ಸಂಪಂಗಿಯವರ ಮಗಳು ಅಶ್ವಿನಿ ಅವರಿಗೂ, 1991ರಿಂದ ಸತತ ಏಳು ಬಾರಿ ಕೋಲಾರದ ಸಂಸದರಾಗಿದ್ದ ಕೆ.ಎಚ್. ಮುನಿಯಪ್ಪನವರ ಮಗಳು ರೂಪಕಲಾ ಅವರಿಗೂ ಸ್ಪರ್ಧೆ ನಡೆಯಿತು. ಎರಡು ಬಾರಿಯೂ ರೂಪಕಲಾ ಜಯಗಳಿಸಿದರು. ಅವರು ಜನರ ಮತದಿಂದಲೇ ಗೆದ್ದವರು. ಹೆಣ್ಣುಮಕ್ಕಳು ಶಾಸನಸಭೆಗೆ ಹೋಗುವುದು ಸಂತೋಷದ ವಿಷಯವೇ. ನನ್ನ ಆಕ್ಷೇಪ ವ್ಯಕ್ತಿಗಳ ಮೇಲಲ್ಲ, ಏಣಿಯ ಮೇಲೆ. ಎರಡು ಪ್ರಮುಖ ಪಕ್ಷಗಳಿಗೂ ಎರಡು ಮನೆಗಳಾಚೆ ಅಭ್ಯರ್ಥಿ ಕಾಣದಿದ್ದರೆ, ನಸುಕಿನಲ್ಲಿ ಮಾರಿಕುಪ್ಪಂ ರೈಲು ಹಿಡಿದು ಬೆಂಗಳೂರಿಗೆ ದುಡಿಯಲು ಹೋಗುವ ಸಾವಿರಾರು ಯುವಕ ಯುವತಿಯರಲ್ಲಿ ಒಬ್ಬರೂ ಯೋಗ್ಯರಿಲ್ಲವೆಂದೇ ಅರ್ಥವೇ?

ನಮ್ಮವರಿಗೆ ಇನ್ನೊಂದು ಗೋಡೆಯೂ ಇದೆ. ಕೆ.ಜಿ.ಎಫ್. ವಿಧಾನಸಭಾ ಕ್ಷೇತ್ರವೂ ಕೋಲಾರ ಲೋಕಸಭಾ ಕ್ಷೇತ್ರವೂ ಪರಿಶಿಷ್ಟ ಜಾತಿಗೆ ಮೀಸಲು. 1950ರ ರಾಷ್ಟ್ರಪತಿ ಆದೇಶ ಆ ಸ್ಥಾನಮಾನವನ್ನು ಹಿಂದೂಗಳಿಗೆ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನೂ 1990ರಲ್ಲಿ ಬೌದ್ಧರನ್ನೂ ಸೇರಿಸಿತು. ದಲಿತ ಕ್ರೈಸ್ತರು ಹೊರಗುಳಿದರು. ಒಂದೇ ಕೇರಿಯಲ್ಲಿ ಹುಟ್ಟಿ, ಒಂದೇ ಅವಮಾನ ಉಂಡ ಇಬ್ಬರಲ್ಲಿ ಜ್ಞಾನಸ್ನಾನ ಪಡೆದವನು ತನ್ನೂರಿನಲ್ಲೇ ಶಾಸಕ ಸ್ಥಾನಕ್ಕೆ ನಿಲ್ಲಲಾರ. 2007ರಲ್ಲಿ ರಂಗನಾಥ ಮಿಶ್ರಾ ಆಯೋಗ ಇದನ್ನು ಸರಿಪಡಿಸಲು ಶಿಫಾರಸು ಮಾಡಿತು. 2022ರಲ್ಲಿ ಕೆ.ಜಿ. ಬಾಲಕೃಷ್ಣನ್ ಅಧ್ಯಕ್ಷತೆಯಲ್ಲಿ ಮತ್ತೊಂದು ಆಯೋಗ ನೇಮಕವಾಯಿತು. ಈ ಅನ್ಯಾಯದ ವಿರುದ್ಧ ದನಿಯೆತ್ತುವುದು ನಮ್ಮ ಕರ್ತವ್ಯ. ಆದರೆ ಅದನ್ನೇ ನೆಪ ಮಾಡಿಕೊಂಡು ಮನೆಯೊಳಗೆ ಕುಳಿತಿರುವುದು ಹೇಡಿತನ. ನಗರಸಭೆಯ ಸಾಮಾನ್ಯ ವಾರ್ಡುಗಳ ಬಾಗಿಲು 21 ವರ್ಷ ತುಂಬಿದ ಯಾವ ಮತದಾರನಿಗೂ ತೆರೆದಿದೆ. ಅಲ್ಲಿಯಾದರೂ ನಮ್ಮ ಮಕ್ಕಳೆಷ್ಟು ಮಂದಿ ಕಾಲಿಟ್ಟಿದ್ದಾರೆ?

“ರಾಜಕೀಯ ಕೆಸರು ಫಾದರ್, ನಮಗೇಕೆ?” ಎನ್ನುವ ತಂದೆತಾಯಿಯರು ನ್ಯಾಯಸ್ಥಾಪಕರ ಗ್ರಂಥದ ಒಂಬತ್ತನೆಯ ಅಧ್ಯಾಯವನ್ನು ಓದಲಿ. ಮರಗಳೆಲ್ಲ ಸೇರಿ ಅರಸನನ್ನು ಹುಡುಕಿದಾಗ ಎಣ್ಣೆಮರ, ಅಂಜೂರ, ದ್ರಾಕ್ಷಿಬಳ್ಳಿ ಒಂದೊಂದಾಗಿ ಹಿಂದೆ ಸರಿದವು. ಕೊನೆಗೆ ಒಪ್ಪಿಕೊಂಡದ್ದು ಮುಳ್ಳುಪೊದೆ. ಮುಳ್ಳನ್ನು ಬೈಯುವ ಮೊದಲು ಫಲ ಕೊಡುವ ಮರಗಳು ಏಕೆ ಹಿಂಜರಿದವೆಂದು ಕೇಳಬೇಕು. ರಾಜಕೀಯದ ಹೊಣೆ ಹೊರಬಲ್ಲವರು ಅದಕ್ಕೆ ಸಿದ್ಧರಾಗಬೇಕೆಂದು 1965ರಲ್ಲೇ ಎರಡನೆಯ ವ್ಯಾಟಿಕನ್ ಮಹಾಸಭೆ ಹೇಳಿತು. ದಿವಂಗತ ವಿಶ್ವಗುರು ಫ್ರಾನ್ಸಿಸರು 2020ರ ವಿಶ್ವಪತ್ರದಲ್ಲಿ ರಾಜಕೀಯವನ್ನು ಪರಪ್ರೀತಿಯ ಉನ್ನತ ರೂಪವೆಂದೇ ಪರಿಗಣಿಸಿದರು. ಗುರುಗಳಾದ ನಾವು ಅಧಿಕಾರದ ಹುದ್ದೆ ಹಿಡಿಯುವುದನ್ನು ಧರ್ಮಸಭೆಯ ಕಾನೂನು ನಿಷೇಧಿಸುತ್ತದೆ. ಆದ್ದರಿಂದ ಈ ಕರೆ ಶ್ರೀಸಾಮಾನ್ಯರಿಗೇ ಸೇರಿದ್ದು.

ಪ್ರಿಯ ಓದುಗರೇ, ನಮ್ಮ ಧರ್ಮಕೇಂದ್ರಗಳಲ್ಲಿ ಹಬ್ಬದ ದಿನ ವೇದಿಕೆಯ ಮೇಲೆ ಶಾಲು ಹೊದಿಸಲು ರಾಜಕಾರಣಿಗಳನ್ನು ಆಹ್ವಾನಿಸುತ್ತೇವೆ. ಇನ್ನು ಮುಂದೆ ಅವರನ್ನು ಪ್ರಶ್ನೋತ್ತರಕ್ಕೆ ಕರೆಯೋಣ: ಗಣಿ ಕಾರ್ಮಿಕರ ಮನೆಗಳ ಹಕ್ಕೇನಾಯಿತು, ಸೈನೈಡ್ ದಿಬ್ಬಗಳ ಧೂಳಿಗೆ ಪರಿಹಾರವೇನು, ಊರಲ್ಲೇ ಉದ್ಯೋಗ ಯಾವಾಗ? ಯುವಜನರ ಕೂಟಗಳಲ್ಲಿ ಹಾಡು, ಪ್ರವಾಸಗಳ ಜೊತೆ ಸಂವಿಧಾನವನ್ನೂ ನಗರಸಭೆಯ ಆಯವ್ಯಯವನ್ನೂ ಓದಿಸೋಣ. ಮಗ ವಾರ್ಡ್ ಚುನಾವಣೆಗೆ ನಿಲ್ಲುತ್ತೇನೆಂದರೆ, ಮಗಳು ಜನರ ಅಹವಾಲು ಹಿಡಿದು ತಾಲ್ಲೂಕು ಕಚೇರಿಗೆ ಹೋಗುತ್ತೇನೆಂದರೆ, ತಡೆಯದೆ ಹರಸಿ ಕಳುಹಿಸಿರಿ.